ಗಾಳಿ ಏಳುವ ಮೊದಲು ಬಾಣ, ಭಾಷಣ ಆಮೇಲೆ: ಬಿಲ್ಲುಗಾರಿಕೆ ಕ್ಲಬ್‌ನ ವಾರ್ಷಿಕ ದಿನ ನಡೆಸುವುದು ಹೀಗೆ

ಉಡುಪಿಯಲ್ಲಿ ಬಿಲ್ಲುಗಾರಿಕೆ ಸ್ಪರ್ಧೆ ಇಡುವವರು ಮೊದಲು ಕಡಲಿನ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಿಗ್ಗೆ ಅದು ಹೆಚ್ಚುಕಮ್ಮಿ ಸುಮ್ಮನಿರುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಪಡುವಣದಿಂದ ಬೀಸಲು ಶುರುವಾಗುತ್ತದೆ. ಒಂದು ವರ್ಷ ನಮ್ಮ ಕ್ಲಬ್‌ನಲ್ಲಿ ತಿಂಡಿ, ಸ್ವಾಗತ, ಭಾಷಣ ಎಲ್ಲ ಮುಗಿಸಿ ಮೊದಲ ಬಾಣ ಬಿಡುವಾಗ ಹನ್ನೊಂದೂವರೆ ಆಗಿತ್ತು. ಗಾಳಿಗೆ ಒಂದು ಟಾರ್ಗೆಟ್ ಕವುಚಿ ಬಿತ್ತು. ಅದರಲ್ಲಿ ನಾಟಿದ್ದ ಬಾಣಗಳು ಮುರಿದವು. ಅವು ಮೊದಲ ಸಲ ಸ್ಪರ್ಧೆಗೆ ಬಂದ ಹುಡುಗಿಯೊಬ್ಬಳವು. ಅವಳ ಮುಖ ನನಗೆ ಇನ್ನೂ ನೆನಪಿದೆ. ಅಂದಿನಿಂದ ನಾವು ಬೆಳಿಗ್ಗೆಯೇ ಸ್ಪರ್ಧೆ ಮುಗಿಸುತ್ತೇವೆ.

ದಿನ ಗೊತ್ತು ಮಾಡುವುದು ಮೊದಲ ಕೆಲಸ. ಡಿಸೆಂಬರ್, ಜನವರಿ ಒಳ್ಳೆಯದು. ಮಳೆ ಹೋಗಿ ನೆಲ ಗಟ್ಟಿಯಾಗಿರುತ್ತದೆ. ಆದರೆ ಕೋಲ, ಕಂಬಳ, ಯಕ್ಷಗಾನ, ಮದುವೆ ಎಲ್ಲ ಬರುವುದೂ ಆಗಲೇ. ಊರಿನ ಕೋಲದ ಮರುದಿನ ಮಾತ್ರ ಇಡಬೇಡಿ. ರಾತ್ರಿಯಿಡೀ ನಿದ್ದೆಗೆಟ್ಟವರು ಬಿಲ್ಲು ಹಿಡಿಯುವುದು ಸರಿಯಲ್ಲ.

ಮೈದಾನ ಸಿಕ್ಕಿದ ಮೇಲೆ ದಿಕ್ಕು ನೋಡಿ. ಬಿಲ್ಲುಗಾರರು ಉತ್ತರಕ್ಕೆ ಮುಖ ಮಾಡಿ ನಿಂತರೆ ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಟಾರ್ಗೆಟ್‌ಗಳ ಹಿಂದೆ ಎತ್ತರದ ದರೆ, ಅಂದರೆ ಗೋಡೆಯಂತೆ ಕಡಿದಾದ ದಿಬ್ಬ, ಇದ್ದರೆ ಬಹಳ ಅನುಕೂಲ. ಆದರೆ ದರೆಯ ಕೆಂಪುಕಲ್ಲಿಗೆ ತಾಗಿದ ಬಾಣ ಉಳಿಯುವುದಿಲ್ಲ, ಆದ್ದರಿಂದ ಅದರ ಮುಂದೆ ಬಲೆ ಬೇಕು. ಮಲ್ಪೆಯಿಂದ ಹಳೇ ಮೀನಿನ ಬಲೆ ತಂದು ಕಟ್ಟಿದರೆ ಸಾಲದು, ಕಣ್ಣು ದೊಡ್ಡದಿದ್ದರೆ ಬಾಣ ತೂರಿಕೊಂಡು ಹೋಗುತ್ತದೆ. ಬಾಣ ತಡೆಯಲೆಂದೇ ಮಾಡಿದ ಬಲೆ ತನ್ನಿ, ಬಿಗಿಯಾಗಿ ಎಳೆಯದೆ ಸಡಿಲವಾಗಿ ಇಳಿಬಿಡಿ. ಟಾರ್ಗೆಟ್‌ಗಳ ಹಿಂದೆ ದಾರಿ, ಮನೆ, ದನ ಮೇಯುವ ಜಾಗ ಇದ್ದರೆ ಆ ಮೈದಾನವೇ ಬೇಡ.

ಟಾರ್ಗೆಟ್‌ನ ನಡು ನೆಲದಿಂದ 130 ಸೆಂಟಿಮೀಟರ್ ಎತ್ತರಕ್ಕೆ ಬರಲಿ. ಸ್ವಲ್ಪ ಹಿಂದಕ್ಕೆ ವಾಲಿಸಿ, ಗೂಟ ಹೊಡೆದು ಹಗ್ಗದಿಂದ ಕಟ್ಟಿ. ಟಾರ್ಗೆಟ್ ಮೇಲೆ ಅಂಟಿಸುವ, ಬಣ್ಣದ ವೃತ್ತಗಳಿರುವ ಕಾಗದದ ಫೇಸ್‌ಗಳನ್ನು ಹಿಂದಿನ ರಾತ್ರಿಯೇ ಅಂಟಿಸಬೇಡಿ, ಇಬ್ಬನಿಗೆ ಮೆತ್ತಗಾಗಿ ಹರಿಯುತ್ತವೆ.

ದೂರ ಎಷ್ಟಿರಬೇಕು? ಒಲಿಂಪಿಕ್ಸ್‌ನಲ್ಲಿ ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿಗೆ 70 ಮೀಟರ್ ದೂರ, 122 ಸೆಂಟಿಮೀಟರ್ ಅಗಲದ ಫೇಸ್. ಕ್ಲಬ್ಬಿನ ದಿನಕ್ಕೆ ಅಷ್ಟು ಬೇಕಾಗಿಲ್ಲ. ಅಭ್ಯಾಸ ಇದ್ದವರಿಗೆ 30 ಮೀಟರ್, ಹೊಸಬರಿಗೆ 18 ಇಡಿ. ಬಿದಿರಿನ ಬಿಲ್ಲಿನವರನ್ನು ಕಾಂಪೌಂಡ್ ಬಿಲ್ಲಿನವರ ಜೊತೆ ಸೇರಿಸಬೇಡಿ. ಕಾಂಪೌಂಡ್‌ನಲ್ಲಿ ರಾಟೆ, ಲೆನ್ಸ್ ಎಲ್ಲ ಇರುತ್ತದೆ, ಬಿದಿರಿನದರಲ್ಲಿ ಬರೀ ಕಣ್ಣು, ಕೈ. ನಮ್ಮ ದೇಶದ ಸ್ಪರ್ಧೆಗಳಲ್ಲೂ ಬಿದಿರಿನ ಬಿಲ್ಲಿಗೆ ಇಂಡಿಯನ್ ರೌಂಡ್ ಅಂತ ಬೇರೆಯೇ ವಿಭಾಗ ಇದೆ.

ಬಿಲ್ಲುಗಾರರು ನಿಂತು ಬಾಣ ಬಿಡುವ ಗೆರೆಯ, ಅಂದರೆ ಶೂಟಿಂಗ್ ಲೈನ್‌ನ, ಒಂದು ತುದಿಯಲ್ಲಿ ಗಾಲಿಕುರ್ಚಿ ಉರುಳುವಷ್ಟು ಸಮತಟ್ಟು ಜಾಗ ಮಾಡಿಡಿ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹರ್ವಿಂದರ್ ಸಿಂಗ್ ರಿಕರ್ವ್‌ನಲ್ಲಿ ಚಿನ್ನ ಗೆದ್ದರು. ಕೈಗಳಿಲ್ಲದ ಶೀತಲ್ ದೇವಿ ಕಾಲಲ್ಲಿ ಬಿಲ್ಲು ಹಿಡಿದು, ರಾಕೇಶ್ ಕುಮಾರ್ ಜೊತೆ ಕಂಚು ತಂದರು. ಇದನ್ನೆಲ್ಲ ನೋಡಿದ ಮೇಲೆ ನಮ್ಮೂರಿನಲ್ಲೂ ಯಾರಿಗಾದರೂ ಆಸೆ ಹುಟ್ಟಿರುತ್ತದೆ ಅಲ್ವಾ? ಅವರು ಬಂದಾಗ ಜಾಗ ಇಲ್ಲ ಅನ್ನುವ ಹಾಗಾಗಬಾರದು.

ಬೆಳಿಗ್ಗೆ ಏಳೂವರೆಗೆ ಶುರು

24 ಮಂದಿ ಇದ್ದರೆ ಆರು ಟಾರ್ಗೆಟ್, ಒಂದಕ್ಕೆ ನಾಲ್ಕು ಜನ. ಇಬ್ಬಿಬ್ಬರಾಗಿ ಲೈನಿಗೆ ಬರಲಿ. ಒಂದು ಸುತ್ತಿಗೆ ಒಬ್ಬರಿಗೆ ಆರು ಬಾಣ, ನಾಲ್ಕು ನಿಮಿಷ. ಹೀಗೆ ಆರು ಸುತ್ತು, ಒಟ್ಟು 36 ಬಾಣ, ಹೆಚ್ಚೆಂದರೆ 360 ಅಂಕ. ಅಂಕ ಬರೆದು ಬಾಣ ಕೀಳುವ ಹೊತ್ತು ಸೇರಿಸಿದರೂ ಒಂಬತ್ತೂವರೆಯೊಳಗೆ ಮುಗಿಯುತ್ತದೆ.

ಸೀಟಿಯ ಲೆಕ್ಕ ಎಲ್ಲರಿಗೂ, ನೋಡಲು ಬಂದವರಿಗೂ ಗೊತ್ತಿರಬೇಕು. ಎರಡು ಸೀಟಿ: ಲೈನಿಗೆ ಬನ್ನಿ. ಒಂದು: ಬಾಣ ಬಿಡಿ. ಮೂರು: ಮುಗಿಯಿತು, ಅಂಕ ನೋಡಲು ಹೋಗಿ. ಐದು ಅಥವಾ ಜಾಸ್ತಿ ಕೇಳಿದರೆ ಎಳೆದ ಹೆದೆಯನ್ನು ಮೆಲ್ಲನೆ ಇಳಿಸಿ, ಬಾಣ ತೆಗೆಯಿರಿ. ಒಂದು ಸಲ ಮಗುವೊಂದು ಚೆಂಡಿನ ಹಿಂದೆ ಹಗ್ಗ ದಾಟಿ ಓಡಿತು. ಐದು ಸೀಟಿ ಬಿದ್ದ ಕೂಡಲೇ ಎಲ್ಲ ಬಿಲ್ಲುಗಳೂ ಕೆಳಗಿಳಿದವು. ಸೀಟಿ ಊದುವವರಿಗೆ ಆ ದಿನ ಬೇರೆ ಯಾವ ಕೆಲಸವನ್ನೂ ಕೊಡಬೇಡಿ. ಊಟದ ಎಲೆ ಎಣಿಸುವುದೂ ಬೇಡ.

ಜಗಳ ಆಗುವುದಿದ್ದರೆ ಅಂಕ ಬರೆಯುವಲ್ಲಿ. ಹಳದಿಗೆ 10 ಮತ್ತು 9, ಕೆಂಪಿಗೆ 8 ಮತ್ತು 7, ನೀಲಿಗೆ 6 ಮತ್ತು 5, ಕಪ್ಪಿಗೆ 4 ಮತ್ತು 3, ಬಿಳಿಗೆ 2 ಮತ್ತು 1. ಎರಡು ಅಂಕಗಳ ನಡುವಿನ ಗೆರೆಗೆ ಬಾಣ ತಾಗಿದ್ದರೆ ಎರಡರಲ್ಲಿ ಜಾಸ್ತಿ ಇರುವ ಅಂಕ. ಬರೆದು ಮುಗಿಯುವವರೆಗೆ ಬಾಣವನ್ನೂ ಫೇಸನ್ನೂ ಯಾರೂ ಮುಟ್ಟಬಾರದು. ಇಬ್ಬರು ಬೇರೆಬೇರೆ ಹಾಳೆಯಲ್ಲಿ ಬರೆಯಲಿ. ಕೀಳುವ ಮೊದಲು ಪ್ರತಿ ತೂತಿಗೆ ಪೆನ್ನಿನಿಂದ ಗುರುತು ಹಾಕಿ. ಬಾಣವೊಂದು ತಾಗಿ ಹಿಂದಕ್ಕೆ ಹಾರಿ ಬಿದ್ದರೆ, ಗುರುತಿಲ್ಲದ ತೂತೇ ಅದರ ಸಾಕ್ಷಿ.

ಮೊದಲ ಸ್ಥಾನಕ್ಕೆ ಇಬ್ಬರ ಅಂಕ ಸಮ ಬಂದರೆ ಒಂದೊಂದೇ ಬಾಣ, ನಡುವಿಗೆ ಹತ್ತಿರ ಇದ್ದವರು ಗೆದ್ದರು. ಇಡೀ ಮೈದಾನ ಉಸಿರು ಬಿಗಿಹಿಡಿದು ನೋಡುವ ಗಳಿಗೆ ಅದು.

ಉಳಿದ ದಿನ ಮನೆಯವರದ್ದು

ಬಂದವರಿಗೆ ಬೆಲ್ಲ, ನೀರು ಕೊಡಿ. ಸ್ಪರ್ಧೆ ಮುಗಿದ ಕೂಡಲೇ ಬನ್ಸ್, ಸಜ್ಜಿಗೆ ಬಜಿಲ್, ಚಹಾ. ಗಾಳಿ ಏಳುವಾಗ 10 ಮೀಟರ್ ದೂರದಲ್ಲಿ ಬಲೂನು ಕಟ್ಟಿ ಮನೆಯವರನ್ನು ಕರೆಯಿರಿ. "ಒಂದು ಬಾಣ ನನಗೂ ಕೊಡಿ ಮಾರಾಯ್ರೆ" ಅಂತ ಕೇಳುವ ಅಮ್ಮಂದಿರಿಗಾಗಿಯೇ ನಾನು ಈ ಆಟಕ್ಕೆ ಕಾಯುತ್ತೇನೆ. ಹೆದೆ ಎಳೆಯಲು 16ರಿಂದ 20 ಪೌಂಡಿನಷ್ಟು ಬಲ ಬೇಕಾಗುವ ಬಿಲ್ಲು ಸಾಕು. ಸೆರಗು ಸಿಕ್ಕಿಸಿ, ಉದ್ದದ ಸರ ತೆಗೆದು, ಜಡೆ ಹಿಂದಕ್ಕೆ ಹಾಕಿ, ಕೈಗೆ ಹೆದೆಯ ಏಟು ತಡೆಯುವ ಆರ್ಮ್ ಗಾರ್ಡ್ ಕಟ್ಟಿಕೊಳ್ಳಲಿ. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು, ಬಿಲ್ಲೇ ಒಡೆಯಬಹುದು. ಒಬ್ಬರ ಪಕ್ಕ ಒಬ್ಬ ಸದಸ್ಯ ನಿಂತೇ ಇರಬೇಕು.

ಬಿಲ್ಲುಗಳೆಲ್ಲ ಪೆಟ್ಟಿಗೆ ಸೇರಿದ ಮೇಲೆಯೇ ಊಟ, ಹಗ್ಗಜಗ್ಗಾಟ, ಬಹುಮಾನ. ಗೆದ್ದವರ ಜೊತೆಗೆ, ಹೋದ ವರ್ಷಕ್ಕಿಂತ ಅತಿ ಹೆಚ್ಚು ಅಂಕ ಏರಿಸಿಕೊಂಡವರಿಗೂ ಒಂದು ಬಹುಮಾನ ಇಡಿ. ನಮ್ಮಲ್ಲಿ ಅದಕ್ಕೇ ಜೋರು ಚಪ್ಪಾಳೆ ಬೀಳುತ್ತದೆ.

ಸಂಜೆ ಹೊರಡುವ ಮೊದಲು ಬಾಣ ಎಣಿಸಿ. ಒಂದು ಕಮ್ಮಿ ಬಂದರೂ ಎಲ್ಲರೂ ಸಾಲಾಗಿ ನಿಂತು, ಹುಲ್ಲು ಸರಿಸುತ್ತಾ ದರೆಯವರೆಗೆ ನಡೆಯಿರಿ. ಮರುದಿನ ಆ ಮೈದಾನದಲ್ಲಿ ಮಕ್ಕಳು ಬರಿಗಾಲಲ್ಲಿ ಕ್ರಿಕೆಟ್ ಆಡುತ್ತಾರೆ.