ಗಾಲ್‌ಬ್ಲಾಡರ್ ಕ್ಯಾನ್ಸರ್‌ಗೆ ಕೈಯಲ್ಲೇ ಮಾಡಿದ ಟಿಶ್ಯೂ ಅರೇ: ನನ್ನ ಅನುಭವ

"ಅದು ಗಂಗಾ ಬಯಲಿನ ಕಾಯಿಲೆ, ಮೈಸೂರಲ್ಲಿ ಕೂತು ನಿನಗೆ ಎಷ್ಟು ಕೇಸ್ ಸಿಗುತ್ತೆ?" ಅಂತ ಕೇಳದವರೇ ಇಲ್ಲ. ನಮ್ಮ ಕಡೆ ಕಡಿಮೆ, ನಿಜ. ಆದರೆ ಕಲ್ಲು ಅಂತ ತೆಗೆದ ಪಿತ್ತಕೋಶದಲ್ಲಿ ಆಮೇಲೆ ಸಿಕ್ಕ ಕ್ಯಾನ್ಸರ್‌ಗಳು ಹಳೇ ಬ್ಲಾಕ್ (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡು) ಡಬ್ಬಗಳಲ್ಲಿ ಸುಮ್ನೆ ಬಿದ್ದಿದ್ದವು. ಮೈಸೂರು, ಮಂಡ್ಯ, ಚಾಮರಾಜನಗರ ಎಲ್ಲ ಸೇರಿಸಿ ಹುಡುಕಿದರೆ ಹತ್ತು ವರ್ಷದ್ದು 60ರ ಆಸುಪಾಸು ಬಂತು.

ಪ್ರಶ್ನೆ ಸರಳ. ಇಬ್ಬರಿಗೂ T2 (ಗೆಡ್ಡೆ ಸ್ನಾಯು ಪದರ ದಾಟಿದೆ, ಪಿತ್ತಕೋಶದಿಂದ ಹೊರಬಿದ್ದಿಲ್ಲ) ಅಂತ ಒಂದೇ ರಿಪೋರ್ಟ್. ಒಬ್ಬರು ಐದು ವರ್ಷ ಆದಮೇಲೂ ಗದ್ದೆಗೆ ಹೋಗುತ್ತಿದ್ದಾರೆ, ಇನ್ನೊಬ್ಬರು ವರ್ಷ ತುಂಬುವ ಮೊದಲೇ ಹೋದರು. ಸ್ಟೇಜ್ ಹೇಳದ್ದನ್ನ ಪ್ರೋಟೀನ್ ಹೇಳುತ್ತಾ?

ದುಡ್ಡಿನ ವಿಷಯಕ್ಕೆ ಬರೋಣ. ಪ್ರೋಟೀನ್ ಹುಡುಕಿ ಹಿಡಿಯುವ ಒಂದು ಆಂಟಿಬಾಡಿ ವಯಲ್‌ಗೆ 20-25 ಸಾವಿರ. p53 (ಕೋಶ ಕ್ಯಾನ್ಸರ್ ಆಗದಂತೆ ಕಾಯುವ ಪ್ರೋಟೀನ್), Ki-67 (ಕೋಶಗಳು ವಿಭಜನೆಯಾಗುತ್ತಿರೋದರ ಗುರುತು), ಇ-ಕ್ಯಾಡ್ಹೆರಿನ್ (ಕೋಶಗಳನ್ನ ಒಂದಕ್ಕೊಂದು ಅಂಟಿಸಿಡುವುದು), HER2 (ಕೋಶ ಬೆಳೆಯಲು ಸೂಚನೆ ಕೊಡುವುದು) ನಾಲ್ಕನ್ನೂ ಕೇಸಿಗೊಂದು ಸ್ಲೈಡ್ ಹಾಕಿ ಮಾಡಿದರೆ ಮುಗೀತು ಕಥೆ. ಹಲವು ರೋಗಿಗಳ ಅಂಗಾಂಶದ ಚೂರುಗಳನ್ನ ಒಂದೇ ಬ್ಲಾಕಿನಲ್ಲಿ ಕೂರಿಸೋದೇ ಟಿಶ್ಯೂ ಅರೇ, ಆದರೆ ಅದನ್ನ ಮಾಡುವ ಯಂತ್ರಕ್ಕೆ ಲಕ್ಷಗಟ್ಟಲೆ. ಹಾಗಾಗಿ ಬೋನ್ ಮ್ಯಾರೋ ಸೂಜಿ ಹಿಡಿದೆ. ಖಾಲಿ ಮೇಣದ ಬ್ಲಾಕ್‌ನಲ್ಲಿ ತೂತು, ರೋಗಿಯ ಬ್ಲಾಕ್‌ನಿಂದ ಕೋರ್ (ಕಡ್ಡಿಯಂಥ ಸಣ್ಣ ತುಂಡು), ಒಂದು ಬ್ಲಾಕ್‌ಗೆ 20ರಿಂದ 24. ಇಪ್ಪತ್ತು ಸ್ಲೈಡ್‌ಗೆ ಬೇಕಾಗಿದ್ದ ಆಂಟಿಬಾಡಿ ಒಂದೇ ಸ್ಲೈಡ್‌ಗೆ ಇಳಿಯಿತು.

ಆದರೆ ಮೇಣ ಜೀವ ತಿಂದುಬಿಟ್ಟಿತು. ಡಿಸೆಂಬರ್ ಬೆಳಗ್ಗೆ ತೂತು ಹಾಕಲು ಹೋದರೆ ಬ್ಲಾಕ್ ಸೀಳುತ್ತಿತ್ತು, ಏಪ್ರಿಲ್‌ನಲ್ಲಿ ಮೆತ್ತಗಾಗಿ ಸೂಜಿ ಓರೆಯಾಗುತ್ತಿತ್ತು, ಅದೂ ಸರಿಹೋಯಿತು ಅನ್ನುವಷ್ಟರಲ್ಲಿ ಕುಕ್ಕರ್‌ನಲ್ಲಿ ರಿಟ್ರೀವಲ್ (ಆಂಟಿಬಾಡಿ ಹಿಡಿಯುವಂತೆ ಬಿಸಿ ಮಾಡೋದು) ಮಾಡುವಾಗ ಅರ್ಧ ಕೋರ್‌ಗಳು ಸ್ಲೈಡ್ ಬಿಟ್ಟು ತೇಲಿಹೋಗುತ್ತಿದ್ದವು. ಸ್ಲೈಡ್‌ಗೆ ನಾವೇ ಏಪಿಸ್ (ಅಂಗಾಂಶ ಅಂಟಿಕೊಳ್ಳುವಂತೆ ಮಾಡುವ ರಾಸಾಯನಿಕ) ಲೇಪನ ಮಾಡಿ, 60 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟಮೇಲೆ ತೇಲೋದು ಬಹಳ ಕಡಿಮೆಯಾಯಿತು. ತೂತು ಹಾಕುವ ಮೊದಲು ಬ್ಲಾಕ್ 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇರಲಿ. ಮೇಣಕ್ಕೆ ಏನು ಬೆರೆಸುತ್ತೇನೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಲ್ಯಾಬಿಗೆ ಬಂದರೆ ತೋರಿಸುತ್ತೇನೆ.

ಇನ್ನೊಂದು ತಲೆನೋವು ಫಿಕ್ಸೇಶನ್, ಅಂದರೆ ಅಂಗಾಂಶ ಕೆಡದಂತೆ ಫಾರ್ಮಲಿನ್ ಹಿಡಿಸೋದು. ತಾಲ್ಲೂಕಿನ ಒಂದು ನರ್ಸಿಂಗ್ ಹೋಮ್‌ನಿಂದ ಪಿತ್ತಕೋಶ ಸೀಳದೆ, ಪಿತ್ತ ತುಂಬಿಕೊಂಡೇ ಬರುತ್ತಿತ್ತು. ಫಾರ್ಮಲಿನ್ ಒಳಗೆ ಇಳಿಯುವ ಹೊತ್ತಿಗೆ ಮ್ಯೂಕೋಸಾ (ಒಳಪದರ) ಕರಗಿಹೋಗಿರುತ್ತದೆ. ಆಮೇಲೆ ಎಷ್ಟು ದುಬಾರಿ ಆಂಟಿಬಾಡಿ ಹಾಕಿದರೂ ದಂಡ. ಪಿತ್ತದ ಬಣ್ಣ ಬೇರೆ, DABನ (ಆಂಟಿಬಾಡಿ ಅಂಟಿದ ಕಡೆ ಬರುವ ಬಣ್ಣ) ಕಂದಿನ ಹಾಗೇ ಕಾಣುತ್ತೆ. ಪ್ರೈಮರಿ (ಪ್ರೋಟೀನ್ ಹಿಡಿಯುವ ಆಂಟಿಬಾಡಿ) ಹಾಕದ ಕಂಟ್ರೋಲ್ ಸ್ಲೈಡ್ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ನಡುವೆ ಒಂದು ಹುಚ್ಚು: ಆಪರೇಶನ್‌ನಲ್ಲಿ ಸಿಕ್ಕ ಪಿತ್ತದಲ್ಲೇ CEA (ಕ್ಯಾನ್ಸರ್ ಇದ್ದಾಗ ಏರಬಹುದಾದ ಒಂದು ಪ್ರೋಟೀನ್) ನೋಡಿದರೆ ಹೇಗೆ ಅಂತ. ಪಿತ್ತ ಮಂದ, ಒಂದೇ ಸ್ಯಾಂಪಲ್‌ಗೆ ಎರಡು ಸಲ ಎರಡು ಥರದ ರೀಡಿಂಗ್. ಏಳೆಂಟು ಸಾವಿರದ ಕಿಟ್ ಹೋಯಿತು. ಅಂಥದ್ದೇ ಇನ್ನೊಂದು ಗುರುತು, ರಕ್ತದ CA 19-9 ಕೂಡ ಇಲ್ಲಿ ಪೂರ್ತಿ ನಂಬೋ ಹಾಗಿಲ್ಲ ಅಲ್ವಾ, ಕಾಮಾಲೆ ಇದ್ದರೆ ಕ್ಯಾನ್ಸರ್ ಇಲ್ಲದೆಯೂ ಏರುತ್ತೆ, ಲೂಯಿಸ್ ಅನ್ನೋ ರಕ್ತಗುಂಪು ನೆಗೆಟಿವ್ ಇರುವವರಲ್ಲಿ ಕ್ಯಾನ್ಸರ್ ಇದ್ದರೂ ಏರಲ್ಲ.

ಓದುವಾಗ ನಾನು ಬಿಡದೆ ಹಿಡಿದದ್ದು ಎರಡು. ಒಂದು, p53 ಪೂರ್ತಿ ಇಲ್ಲದಿರೋದೂ ಮ್ಯುಟೇಶನ್‌ನ ಗುರುತೇ. ಹಳೇ ಥೀಸಿಸ್‌ಗಳಲ್ಲಿ ಅದನ್ನ ನೆಗೆಟಿವ್ ಅಂತ ನಾರ್ಮಲ್ ಗುಂಪಿಗೆ ಸೇರಿಸಿ, p53ಯಿಂದ ಪ್ರಯೋಜನವಿಲ್ಲ ಅಂತ ಬರೆದುಬಿಟ್ಟಿದ್ದಾರೆ. ಎರಡು, ಕೋರ್ ಮೇಲ್ಪದರದಿಂದ ತೆಗೆದರೆ ಸಾಲದು. ಗೆಡ್ಡೆ ಆಳಕ್ಕೆ ನುಗ್ಗುವ ಅಂಚಿನಿಂದ ಒಂದು ಬೇಕೇ ಬೇಕು. ಅಲ್ಲಿ ಇ-ಕ್ಯಾಡ್ಹೆರಿನ್ ಮಾಯವಾಗಿ, Ki-67ನೂ ಜಾಸ್ತಿ ಇದ್ದ T2 ಕೇಸ್‌ಗಳೇ ನಮ್ಮಲ್ಲಿ ಬೇಗ ಮರುಕಳಿಸಿದವು. ಒಂದೊಂದನ್ನೇ ನೋಡಿದರೆ ಅಷ್ಟು ಸ್ಪಷ್ಟವಾಗಿರಲಿಲ್ಲ, ಜೋಡಿ ಮಾಡಿದಾಗ ಎದ್ದು ಕಂಡಿತು.

HER2 ಬೇರೆಯೇ ಮಾತು. ಅಲ್ಲಿ ಮುನ್ಸೂಚನೆಗಿಂತ ಔಷಧಿ ಮುಖ್ಯ. ಜಠರದ ಕ್ಯಾನ್ಸರ್‌ನ ಲೆಕ್ಕದಲ್ಲೇ ಸ್ಕೋರ್ ಮಾಡಿ, ಯಾಕೆಂದರೆ ಹಲವು ಸಲ ಕೋಶದ ಪೊರೆ ಸುತ್ತಲೂ ಬಣ್ಣ ಬರಲ್ಲ, ಬುಡ ಮತ್ತು ಪಕ್ಕಗಳಲ್ಲಿ ಮಾತ್ರ ಬರುತ್ತೆ. 2+ (ಅತ್ತ ಇತ್ತ ಎನ್ನಲಾಗದ ಸ್ಕೋರ್) ಬಂದರೆ ಜೀನ್ ಎಣಿಸುವ ಪರೀಕ್ಷೆ ಫಿಶ್‌ಗೆ ಮತ್ತೆ ಹತ್ತು ಸಾವಿರದಷ್ಟು. HER2 ಮೇಲೆ ಕೆಲಸ ಮಾಡುವ ಔಷಧಿ ಟ್ರಾಸ್ಟುಜುಮಾಬ್ 2014ರಿಂದ ಬಯೋಕಾನ್‌ನ ಬಯೋಸಿಮಿಲರ್ (ಮೂಲ ಔಷಧಿಗೆ ಸಮಾನವಾದ ಆವೃತ್ತಿ) ಆಗಿಯೂ ಸಿಗುತ್ತಿದೆ, ಹಾಗಾಗಿ 3+ (ಖಚಿತ ಪಾಸಿಟಿವ್) ಅನ್ನೋ ರಿಪೋರ್ಟ್ ಈಗ ಬರೀ ಕಾಗದ ಅಲ್ಲ.

ಎಲ್ಲಕ್ಕಿಂತ ಕಷ್ಟ ಫಾಲೋಅಪ್. ಫೈಲ್‌ನಲ್ಲಿದ್ದ ಅರ್ಧ ನಂಬರ್ ಬಂದ್. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಊರುಗಳಿಗೆ ಆಶಾ ಕಾರ್ಯಕರ್ತೆಯರ ಮೂಲಕವೇ ವಿಚಾರಿಸಬೇಕಾಯಿತು. "ಇದ್ದಾರಾ?" ಅಂತ ಕೇಳೋಕೆ ಬಾಯಿ ಬರಲ್ಲ. "ಹೇಗಿದ್ದಾರೆ?" ಅಂತಲೇ ಕೇಳುತ್ತಿದ್ದೆ. ಆ ಕಡೆ ಸುಮ್ಮನಾದರೆ ಗೊತ್ತಾಗುತ್ತಿತ್ತು. 60ರಲ್ಲಿ 45ರಷ್ಟು ಜನರ ವಿವರ ಕೈಗೆ ಬಂತು.

"ಕೈ ಸೂಜಿಯಲ್ಲಿ ರಿಸರ್ಚ್ ಆಗುತ್ತಾ" ಅಂದಿದ್ದ ಸರ್ಜನ್ ಈಗ T2 ಕೇಸ್ ಬಂದರೆ ತಾವೇ ಫೋನ್ ಮಾಡಿ ಕ್ಯಾಡ್ಹೆರಿನ್ ಏನಾಯಿತು ಅಂತ ಕೇಳುತ್ತಾರೆ. ಇದೊಂದನ್ನೇ ನಂಬಿ ಚಿಕಿತ್ಸೆ ಬದಲಿಸಲ್ಲ, ಆದರೆ ಕ್ಯಾಡ್ಹೆರಿನ್, Ki-67 ಎರಡೂ ಕೆಟ್ಟಿದ್ದರೆ ಸ್ಕ್ಯಾನ್‌ಗೆ ಬೇಗ ಬೇಗ ಕರೆಸುತ್ತಾರೆ. ನಾಲ್ಕೂ ಸೇರಿ ನಮಗೆ ಕೇಸಿಗೆ ಬೀಳೋದು ಆರೇಳುನೂರು ರೂಪಾಯಿ. ಹಾಸನ, ಕೊಡಗಿನ ಬ್ಲಾಕ್‌ಗಳಿದ್ದರೆ ಕಳಿಸಿ, ಕೋರ್ ತೆಗೆದು ಬ್ಲಾಕ್ ವಾಪಸ್ ಕೊಡುತ್ತೇನೆ.