ನೋಯದ ಗಂಟನ್ನೂ ಡಾಕ್ಟರಿಗೆ ತೋರಿಸಿ

ಸ್ನಾನ ಮಾಡುವಾಗ ಸ್ತನದಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಒತ್ತಿದರೆ ನೋವಿಲ್ಲ. ನೋವೇ ಇಲ್ಲವಲ್ಲ, ಏನೂ ಇರಲಿಕ್ಕಿಲ್ಲ ಅಂತ ಎಷ್ಟೋ ಜನ ತಿಂಗಳುಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ತನ ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಮುಟ್ಟು ಮುಗಿದ ಮೂರ್ನಾಲ್ಕು ದಿನಕ್ಕೆ ಸ್ತನಗಳನ್ನು ನೀವೇ ಪರೀಕ್ಷಿಸಿ ನೋಡಿಕೊಳ್ಳಿ, ಆಗ ಬಿಗಿತ ಕಡಿಮೆ ಇರುತ್ತದೆ. ಮುಟ್ಟು ನಿಂತವರು ತಿಂಗಳಿಗೊಂದು ದಿನ ಗೊತ್ತು ಮಾಡಿಕೊಂಡರೆ ಸಾಕು. ಕನ್ನಡಿ ಮುಂದೆ ನಿಂತು ಕೈ ಮೇಲೆತ್ತಿ. ಚರ್ಮ ಎಲ್ಲಾದರೂ ಒಳಕ್ಕೆ ಎಳೆದಂತಿದೆಯಾ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದಿದೆಯಾ, ತೊಟ್ಟು ಹೊಸದಾಗಿ ಒಳಗೆ ಸೇರಿಕೊಂಡಿದೆಯಾ, ಅದರಿಂದ ತಾನಾಗಿಯೇ ರಕ್ತ ಬರುತ್ತಿದೆಯಾ? ಆಮೇಲೆ ಮಲಗಿಕೊಂಡು, ಬೆರಳ ತುದಿಯಿಂದಲ್ಲ, ಮೂರು ಬೆರಳುಗಳ ಮೆತ್ತನೆಯ ಭಾಗದಿಂದ ಸಣ್ಣ ಸುತ್ತು ಹಾಕುತ್ತಾ ಒತ್ತಿ ನೋಡಿ, ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಜಾಸ್ತಿ, ಕೊನೆಗೆ ಪಕ್ಕೆಲುಬು ತಗಲುವಷ್ಟು. ಕಂಕುಳು ಬಿಡಬೇಡಿ. ಗಂಡಸರಿಗೂ ಅಪರೂಪಕ್ಕೆ ಈ ಕಾಯಿಲೆ ಬರುತ್ತದೆ.

ಏನಾದರೂ ಸಿಕ್ಕಿತಾ? ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಆದರೆ ಯಾವುದು ಹೌದು ಯಾವುದು ಅಲ್ಲ ಅಂತ ಬೆರಳಿಗೆ ಗೊತ್ತಾಗುವುದಿಲ್ಲ. ಡಾಕ್ಟರ್ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಅಥವಾ ಅಲ್ಟ್ರಾಸೌಂಡ್ ಬರೆಯುತ್ತಾರೆ. ಅನುಮಾನ ಬಂದರೆ ಸೂಜಿಯಿಂದ ಚೂರು ತೆಗೆದು ಬಯಾಪ್ಸಿಗೆ, ಅಂದರೆ ಲ್ಯಾಬ್ ಪರೀಕ್ಷೆಗೆ, ಕಳಿಸುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಬಯಾಪ್ಸಿ ಇಲ್ಲದೆ ಸರಿಯಾದ ಚಿಕಿತ್ಸೆ ಶುರುವಾಗುವುದೇ ಇಲ್ಲ.

ಕ್ಯಾನ್ಸರ್ ಅಂತ ಬಂದರೆ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್2 ಅನ್ನುವ ಮೂರು ಹೆಸರು ಹುಡುಕಿ. ಮೊದಲೆರಡು ಕ್ಯಾನ್ಸರ್ ಕೋಶ ಹಾರ್ಮೋನಿಗೆ ಸ್ಪಂದಿಸುತ್ತದೆಯಾ ಅಂತ ಹೇಳುತ್ತವೆ, ಹರ್2 ಅನ್ನುವುದು ಕೋಶ ಬೆಳೆಯಲು ನೆರವಾಗುವ ಒಂದು ಪ್ರೋಟೀನ್. ಯಾವ ಔಷಧಿ ಅನ್ನುವುದು ಹೆಚ್ಚಾಗಿ ಇದರ ಮೇಲೆ ನಿಂತಿದೆ. ಮೊದಲೆರಡರಲ್ಲಿ ಒಂದಾದರೂ ಪಾಸಿಟಿವ್ ಆದರೆ ಟ್ಯಾಮಾಕ್ಸಿಫೆನ್‌ನಂಥ ಹಾರ್ಮೋನ್ ಮಾತ್ರೆ, ಕಡಿಮೆ ಅಂದರೂ 5 ವರ್ಷ. ಹರ್2 ಪಾಸಿಟಿವ್ ಆದರೆ ಅದನ್ನೇ ಗುರಿಯಿಟ್ಟು ತಡೆಯುವ ಟ್ರಾಸ್ಟುಜುಮಾಬ್ ಅನ್ನುವ ಔಷಧಿ. ಮೂರೂ ನೆಗೆಟಿವ್ ಆದರೆ ಕೀಮೋ (ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧಿ) ಮುಖ್ಯ.

ಇನ್ನು ಆಪರೇಷನ್. ಇಡೀ ಸ್ತನ ತೆಗೆಯುತ್ತಾರೆ ಅನ್ನುವ ಭಯಕ್ಕೇ ಆಸ್ಪತ್ರೆಗೆ ಹೋಗದವರಿದ್ದಾರೆ, ಅಲ್ವಾ? ಬೇಗ ಸಿಕ್ಕ ಸಣ್ಣ ಗಂಟಾದರೆ ಎಷ್ಟೋ ಸಲ ಅದನ್ನಷ್ಟೇ ತೆಗೆದು ರೇಡಿಯೇಷನ್ ಕೊಡುತ್ತಾರೆ. ಹಾಗೆ ಮಾಡಿಸಿಕೊಂಡವರೂ ಪೂರ್ತಿ ತೆಗೆಸಿದವರಷ್ಟೇ ಕಾಲ ಬದುಕುತ್ತಾರೆ. ಗಂಟು ದೊಡ್ಡದಿದ್ದರೆ ಮೊದಲು ಕೀಮೋ ಕೊಟ್ಟು ಕುಗ್ಗಿಸುವುದೂ ಉಂಟು. ಕೀಮೋ ನಡೆಯುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ.