ದೂರದಲ್ಲಿರೋ ಮಕ್ಕಳಿಗೆ ಮುರುಗಲ ಪಾನಕ

ಪಾನಕದ ಬಾಟ್ಲಿನ ಸೂಟ್‌ಕೇಸಲ್ಲಿ ಇಟ್ಟು ಕಳಿಸ್ಬೇಡಿ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ. ಶಿರಸಿಯಿಂದ ಡಲ್ಲಾಸಿಗೆ ಮಗಳ ಮನೆಗೆ ಮೊದಲ್ನೇ ಸಲ ಹೊರಟಾಗ ಅವಳಿಗೆ ಇಷ್ಟ ಅಂತ ಮುರುಗಲ ಹಣ್ಣಿಗೆ ಸಕ್ಕರೆ ಹಾಕಿ ನಾಲ್ಕೇ ದಿನ ಬಿಸಿಲಿಗಿಟ್ಟು, ಬಸಿದು ಬಾಟ್ಲಿ ತುಂಬಿ ಮೂರು ಕವರು ಸುತ್ತಿ ಇಟ್ಟಿದ್ದೆ, ಅಲ್ಲಿ ಹೋಗಿ ತೆಗೆದ್ರೆ ಮುಚ್ಚಳ ಉಬ್ಬಿ ಸೋರಿ ಮೊಮ್ಮಗಳಿಗೆ ಹೊಲಿಸಿದ್ದ ಬಿಳಿ ಲಂಗ ಪೂರ್ತಿ ಕೆಂಪು. ಆ ಕಲೆ ಎಷ್ಟು ತೊಳೆದ್ರೂ ಹೋಗ್ಲಿಲ್ಲ. ತಪ್ಪು ಬಾಟ್ಲಿದಲ್ಲ, ಸಕ್ಕರೆ ಪೂರ್ತಿ ಕರಗಿ ರಸ ಗಟ್ಟಿಯಾಗೋ ಮೊದ್ಲೇ ತುಂಬಿದ್ದು ನಂದು, ನೀರಂಶ ಜಾಸ್ತಿ ಇದ್ರೆ ಅದು ದಾರಿಯಲ್ಲೇ ಹುಳಿ ಬಂದು ಗ್ಯಾಸ್ ಕಟ್ಟುತ್ತೆ.

ಆಮೇಲಿಂದ ನಾನು ಒಣ ಸಿಪ್ಪೆ ಮಾತ್ರ ಒಯ್ಯೋದು. ಹಗುರ, ಸೋರಲ್ಲ, ಕಾಲು ಕೇಜಿ ಇದ್ರೆ ಒಂದು ಮನೆಗೆ ಇಡೀ ಬೇಸಿಗೆಗೆ ಸಾಕು. ಮುರುಗಲು ಅಂದ್ರೆ ದಕ್ಷಿಣ ಕನ್ನಡದವರ ಪುನರ್ಪುಳಿ, ಕೊಂಕಣಿಯವರ ಬಿರಿಂಡಾ, ಅಂಗಡಿ ಪ್ಯಾಕೆಟ್ ಮೇಲೆ ಕೋಕಂ, ಎಲ್ಲಾ ಒಂದೇ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಹಣ್ಣಾಗುತ್ತೆ, ಮಳೆ ಹಿಡಿಯೋದ್ರೊಳಗೆ ಒಣಗಿಸಿ ಮುಗಿಸ್ಬೇಕು, ಒಂದು ಮಳೆ ಬಿದ್ರೂ ಹಣ್ಣು ಕೊಳೆಯುತ್ತೆ, ಸಿಪ್ಪೆಗೆ ಬೂಸ್ಟು ಬರುತ್ತೆ. ಹಣ್ಣು ಎರಡು ಹೋಳು ಮಾಡಿ ಬೀಜ ತೆಗೆದು ಮೊರದಲ್ಲೋ ಚಾಪೆ ಮೇಲೋ ಹರಡಿ ಚುರುಕು ಬಿಸಿಲಲ್ಲಿ ಐದಾರು ದಿನ, ಕೈಯಲ್ಲಿ ಮಡಚಿದ್ರೆ ಚರ್ಮದ ಹಾಗೆ ಬಾಗ್ಬೇಕು ಆದ್ರೆ ಬೆರಳಿಗೆ ಅಂಟಬಾರ್ದು, ಅಷ್ಟೇ ಹದ. ತೆಗೆದ ಬೀಜ ಎಸೀಬೇಡಿ, ಅದರಿಂದ ಬರೋ ಮುರುಗಲ ತುಪ್ಪ ಗಟ್ಟಿಯಾಗೇ ಇರುತ್ತೆ, 38-40 ಡಿಗ್ರಿ ದಾಟಿದ್ಮೇಲೇನೇ ಕರಗೋದು, ಅಲ್ಲಿ ಚಳಿಗಾಲದಲ್ಲಿ ಹಿಮ್ಮಡಿ ಒಡೆದ ಮಕ್ಕಳಿಗೆ ಒಂದು ಉಂಡೆ ಅದನ್ನೂ ಇಟ್ಟು ಕಳಿಸಿ.

ಒಂದು ಚೆಂದ ನೋಡಿ, ಇಲ್ಲಿ ಜೂನ್‌ನಲ್ಲಿ ಮಳೆ ಶುರುವಾದ್ರೆ ನಮಗೆ ಪಾನಕದ ನೆನಪೇ ಇರಲ್ಲ, ಅವರಿಗೆ ಅಲ್ಲಿ ಬಿಸಿಲು ಏರೋದೇ ಆವಾಗ. ಡಲ್ಲಾಸಲ್ಲಿ ಆಗಸ್ಟ್‌ನಲ್ಲೂ 40 ಡಿಗ್ರಿ ಹತ್ತಿರ ಇರುತ್ತೆ. ಹಾಗಾಗಿ ಮೇನಲ್ಲಿ ಒಣಗಿಸಿದ ಹೊಸ ಸಿಪ್ಪೆ ಸರಿಯಾದ ಹೊತ್ತಿಗೇ ಅವರ ಕೈ ಸೇರುತ್ತೆ, ಹೋದ ವರ್ಷದ್ದು ಕಪ್ಪಾಗಿರೋದು ಕಳಿಸ್ಬೇಡಿ. ವಿಮಾನ ಇಳಿದಾಗ ಫಾರಂನಲ್ಲೋ ಬಾಯಲ್ಲೋ ಕೇಳಿದ್ರೆ ಒಣ ಹಣ್ಣಿನ ಸಿಪ್ಪೆ ಇದೆ ಅಂತ ಹೇಳ್ಬಿಡಿ, ತೆಗೆದು ತೋರಿಸಿ, ಬಚ್ಚಿಡೋದು ಬೇಡ. ಹಸಿ ಹಣ್ಣು ಅಮೆರಿಕಕ್ಕೆ ತಗೊಂಡು ಹೋಗೋಕೆ ಬಿಡಲ್ಲ, ಮಜ್ಜಿಗೆ ಒಗ್ಗರಣೆಗೆ ಅಂತ ಕರಿಬೇವು ಕಟ್ಟಿಕೊಳ್ತೀರಲ್ಲ, ಅದೂ ಬಿಡಲ್ಲ, ಅದರಿಂದ ಅಲ್ಲಿಯ ಕಿತ್ತಳೆ ನಿಂಬೆ ತೋಟಗಳಿಗೆ ರೋಗ ಹರಡೋ ಕೀಟ ಬರುತ್ತೆ ಅಂತ.

ಊರಿಂದ ಯಾರೂ ಬರೋರಿಲ್ಲ, ಅಲ್ಲೇ ಇಂಡಿಯನ್ ಅಂಗಡಿಯಲ್ಲಿ ತಗೋಬೇಕು ಅನ್ನೋರು ಎರಡು ವಿಷಯ ನೋಡ್ಕೊಳ್ಳಿ. ಕೋಕಂ ಅಂತ ಸಿಗೋದ್ರಲ್ಲಿ ಬಹಳಷ್ಟು ಉಪ್ಪು ಹಾಕಿ ಒಣಗಿಸಿದ್ದು, ಒದ್ದೆ ಒದ್ದೆಯಾಗಿ ಹೊಳೀತಿರುತ್ತೆ, ಅದು ಸಾರಿಗೆ, ದಾಲಿಗೆ. ನನ್ನ ಮಗಳು ಒಂದು ಸಲ ಅದರಲ್ಲೇ ಪಾನಕ ಮಾಡಿ, ಅಮ್ಮ ಉಪ್ಪಿನಕಾಯಿ ನೀರಿನ ಹಾಗಿದೆ ಅಂತ ಫೋನಲ್ಲೇ ಅಳೋ ಹಾಗಾಗಿದ್ಲು, ಪಾಪ, ಆಫೀಸಿಂದ ಬಂದು ಆಸೆಪಟ್ಟು ಮಾಡಿದ್ದು. ಬೇರೆ ಸಿಗದೇ ಇದ್ರೆ ಅದನ್ನೇ ಎರಡು ಸಲ ತಣ್ಣೀರಲ್ಲಿ ಗಲಬರಿಸಿ ಚೆಲ್ಲಿ, ಮೂರನೇ ನೀರಲ್ಲಿ ನೆನೆಸಿ, ಮೇಲಿಂದ ಉಪ್ಪು ಹಾಕ್ಬೇಡಿ, ಬಣ್ಣ ಸ್ವಲ್ಪ ಹೋಗುತ್ತೆ ಆದ್ರೆ ಕುಡಿಯೋ ಹಾಗಿರುತ್ತೆ. ಇನ್ನೊಂದು, ಕೇರಳದ ಸಾಮಾನಿನ ಪಕ್ಕ ಕಪ್ಪಗೆ ಸುರುಟಿಕೊಂಡಿರೋ ಹುಳಿ ಸಿಗುತ್ತೆ, ಅವರ ಕುಡಂಪುಳಿ, ಅಂದ್ರೆ ನಮ್ಮ ಉಪ್ಪಾಗೆ. ಮುರುಗಲಿನ ದಾಯಾದಿಯೇ ಹೌದು, ಆದ್ರೆ ಹೊಗೆ ಹಾಕಿ ಒಣಗಿಸಿರ್ತಾರೆ, ಪಾನಕಕ್ಕೆ ಹಾಕಿದ್ರೆ ಒಲೆ ಮುಂದೆ ಕೂತು ಕುಡಿದ ಹಾಗೆ.

ಮಾಡೋದು ಹೇಳ್ತೀನಿ. ನಾಲ್ಕು ಲೋಟಕ್ಕೆ ಹತ್ತು ಹನ್ನೆರಡು ಹೋಳು, ಒಂದ್ಸಲ ಬೇಗ ತೊಳೆದು ಒಂದು ಲೋಟ ಉಗುರು ಬೆಚ್ಚಗಿನ ನೀರಲ್ಲಿ ಎರಡು ಮೂರು ತಾಸು ನೆನೆಸಿ. ಕುದಿಸ್ಬೇಡಿ, ಬೇಗ ಆಗ್ಲಿ ಅಂತ ಎಲ್ಲರೂ ಕುದಿಸ್ತಾರೆ, ಆ ಕೆಂಪು ಕಂದಾಗಿ ಹೋಗುತ್ತೆ, ಪರಿಮಳನೂ ಹೋಗುತ್ತೆ. ಗಾಜಿನ ಅಥವಾ ಸ್ಟೀಲ್ ಪಾತ್ರೆ, ಅಲ್ಯೂಮಿನಿಯಂ ಮುಟ್ಟಬೇಡಿ. ಚೆನ್ನಾಗಿ ಕಿವುಚಿ ಸೋಸಿ, ಸಕ್ಕರೆಯೋ ಬೆಲ್ಲವೋ ಹಾಕಿ, ಎರಡು ಏಲಕ್ಕಿ ಜಜ್ಜಿ, ಚಿಟಿಕೆ ಉಪ್ಪು, ಮಿಕ್ಕಿದ ಮೂರು ಲೋಟ ತಣ್ಣೀರು. ಶುಗರ್ ಇರೋರು ಸಿಹಿ ಬಿಟ್ಟು ಹುರಿದ ಜೀರಿಗೆ ಪುಡಿ, ಉಪ್ಪು ಹಾಕಿ ಕುಡೀರಿ, ನಮ್ಮ ಮನೆಯವರಿಗೆ ನಾನು ಹಾಗೇ ಮಾಡ್ಕೊಡೋದು.

ಅಲ್ಲಿ ಮಾಡಿದಾಗ ಬಣ್ಣ ಊರಿನ ಹಾಗೆ ಬರಲ್ಲ ಅಂತ ಬಹಳ ಮಕ್ಕಳು ಹೇಳ್ತಾರೆ. ಹೆಚ್ಚಾಗಿ ಅದು ನೀರಿನಿಂದ, ಎಷ್ಟೋ ಊರಲ್ಲಿ ನಲ್ಲಿ ನೀರು ಗಡಸು, ಲಂಡನ್ನಲ್ಲಂತೂ ಕೆಟಲ್ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಆ ಸುಣ್ಣದಂಶವೇ ಹುಳಿಯನ್ನ ತಿಂದುಹಾಕುತ್ತೆ, ಆಗ ಕೆಂಪು ಮಾಸುತ್ತೆ. ನಂಬಿಕೆ ಬರದಿದ್ರೆ ಪಾನಕ ಕುಡಿದ ಲೋಟಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ಒಂದು ಗುಟುಕು ನೀರು ಬಿಡಿ, ತಳದಲ್ಲಿ ಉಳಿದ ಕೆಂಪು ಕಣ್ಣೆದುರೇ ನೀಲಿ ಬೂದು ಆಗೋದು ಕಾಣುತ್ತೆ, ಮೊಮ್ಮಗಳಿಗೆ ಅದನ್ನ ತೋರಿಸಿದ್ದಕ್ಕೆ ಅವಳು ಇಡೀ ದಿನ ಲೋಟ ಹಿಡ್ಕೊಂಡು ಓಡಾಡ್ತಿದ್ಲು. ಫಿಲ್ಟರ್ ನೀರು ಬಳಸಿ, ಇಲ್ಲಾಂದ್ರೆ ನಾಲ್ಕು ಹನಿ ಲಿಂಬೆ ಹಿಂಡಿ, ಕೆಂಪು ವಾಪಸ್ ಬರುತ್ತೆ.

ಲಿಂಬೆ ಅಂದ್ರೆ ಆ ದೊಡ್ಡ ಹಳದಿ ಲೆಮನ್ ಅಲ್ಲ, ಅದಕ್ಕೆ ನಮ್ಮ ಲಿಂಬೆ ಘಮ ಇಲ್ಲ, ಮೆಕ್ಸಿಕನ್ ಅಂಗಡಿಯಲ್ಲಿ ಕೀ ಲೈಮ್ ಅಂತ ಗೋಲಿಗಿಂತ ಸ್ವಲ್ಪ ದೊಡ್ಡದು ಸಿಗುತ್ತೆ ನೋಡಿ, ಅದೇ ನಮ್ಮದು. ಅದೇ ಅಂಗಡಿಯಲ್ಲಿ ಪಿಲೋನ್ಸಿಯೋ ಅಂತ ಕಂದು ಅಚ್ಚು ಇರುತ್ತೆ, ಕಬ್ಬಿನ ಬೆಲ್ಲವೇ, ಬೇರೇನಲ್ಲ, ರಾಮನವಮಿಗೆ ಮಗಳು ಅದರಲ್ಲೇ ಮೆಣಸು ಶುಂಠಿ ಹಾಕಿ ಪಾನಕ ಮಾಡಿದ್ಲು, ಬಾಯಿಗಿಟ್ರೆ ನಮ್ಮ ಊರಿನ ಬೆಲ್ಲದ ಪಾನಕವೇ. ಮುರುಗಲು ಎಲ್ಲೂ ಸಿಗಲೇ ಇಲ್ಲ ಅಂದ್ರೆ ಅಲ್ಲೇ ಒಣಗಿದ ಕೆಂಪು ಹೂವಿನ ಹಾಗಿರೋದು ಹಮೈಕಾ ಅಂತ ಮಾರ್ತಾರೆ, ನಮ್ಮ ಉತ್ತರ ಕರ್ನಾಟಕದ ಪುಂಡಿ ಪಲ್ಯದ ಜಾತಿಯ ಗಿಡದ್ದೇ, ಬಣ್ಣ ಥೇಟ್ ಮುರುಗಲಿಂದು, ಹುಳಿ ಮಾತ್ರ ಸ್ವಲ್ಪ ಚುರುಕು, ಸಿಹಿ ಒಂದು ಚಮಚ ಜಾಸ್ತಿ ಹಾಕಿ. ಮುರುಗಲ ರುಚಿ ಅದಕ್ಕೆ ಬರಲ್ಲ, ಹೌದು, ಆದ್ರೂ ಡಬ್ಬಿಯಲ್ಲಿ ಬರೋ ಕೆಂಪು ಬಣ್ಣದ ಸಿರಪ್‌ಗಿಂತ ನನಗೆ ಇದು ಎಷ್ಟೋ ವಾಸಿ ಅನ್ಸುತ್ತೆ.

ದಿನಾ ನೆನೆಸೋಕೆ ಟೈಮ್ ಇಲ್ಲ ಅನ್ನೋರು ಭಾನುವಾರ ಒಂದ್ಸಲ ದೊಡ್ಡ ಹಿಡಿ ಸಿಪ್ಪೆ ನೆನೆಸಿ ಗಟ್ಟಿ ರಸ ತೆಗೆದು ಸಿಹಿ ಹಾಕದೇ ಐಸ್ ಟ್ರೇಗೆ ಹೊಯ್ದು ಫ್ರೀಜರಲ್ಲಿಡಿ, ಲೋಟಕ್ಕೆ ಎರಡು ಕ್ಯೂಬು, ಮೇಲೆ ನೀರು ಸಕ್ಕರೆ, ಆಫೀಸಿಂದ ಬಂದು ಶೂ ಬಿಚ್ಚೋದ್ರೊಳಗೆ ಪಾನಕ ರೆಡಿ. ಮಿಕ್ಕ ಒಣ ಸಿಪ್ಪೆನೂ ಗಾಳಿ ಹೋಗದ ಡಬ್ಬಿಯಲ್ಲಿ ಫ್ರಿಜ್ಜಲ್ಲೇ ಇಡಿ, ಹೊರಗಿಟ್ರೆ ಕಪ್ಪಾಗುತ್ತೆ. ಕಿವುಚಿ ಉಳಿದ ಸಿಪ್ಪೆಯಲ್ಲಿ ಇನ್ನೂ ಹುಳಿ ಇರುತ್ತೆ, ಅವತ್ತು ರಾತ್ರಿ ಅದಕ್ಕೇ ನೀರು, ಚೂರು ಬೆಲ್ಲ, ಹಸಿಮೆಣಸು ಹಾಕಿ ಕುದಿಸಿ ಇಂಗು ಜೀರಿಗೆ ಒಗ್ಗರಣೆ ಕೊಡಿ, ಬಿಸಿ ಅನ್ನಕ್ಕೆ ಸಾರಾಯ್ತು.